ಹೊಸ ಡ್ರೈವಿಗೆ ಮೊದಲ ಸೇರು

ಕಥೆಗೆ ಸ್ವಂತ ಕಾಲಿಲ್ಲ ಎನ್ನುತ್ತಿದ್ದರು ಪುಟ್ಟರಂಗಯ್ಯ. ಕೇಳುವವರು 'ಹೂಂ' ಅಂದರೆ ಒಂದು ಹೆಜ್ಜೆ ಇಡುತ್ತದೆ, ಮತ್ತೆ 'ಹೂಂ' ಅಂದರೆ ಮತ್ತೊಂದು ಹೆಜ್ಜೆ. ಹೂಂಗುಟ್ಟುವವರು ಸುಮ್ಮನಾದರೋ, ಕಥೆ ಇದ್ದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತದೆ. ದೇವರೇ ಬಂದು ಎಬ್ಬಿಸಿದರೂ ಏಳುವುದಿಲ್ಲ.

ಗುಬ್ಬಿ ತಾಲೂಕಿನ ಸಿ.ಎಸ್. ಪುರದಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಆಗೆಲ್ಲ ಊರಿಗೆ ಕರೆಂಟು ಬರುತ್ತಿದ್ದುದೇ ದೀಪ ಹಚ್ಚುವ ಹೊತ್ತಿಗೆ. ರಾಗಿ ಬೀಸಿಸಲು ಬಂದವರು ಸರದಿ ಬರುವತನಕ ಕಟ್ಟೆಯ ಮೇಲೆ ಕೂತು ಅವರ ಬಾಯಿಂದ ಕಥೆ ಕೇಳುತ್ತಿದ್ದರು. ರೆಪ್ಪೆಯ ಮೇಲೂ ಹಿಟ್ಟು ಕೂತ ಆ ಮನುಷ್ಯ ಕಲ್ಲಿನ ಸದ್ದನ್ನು ಮೀರಿ ಕೂಗಿ ಹೇಳಬೇಕು. ಹೀಗೆ ಕೂಗಿ ಕೂಗಿ ಗಂಟಲು ದಪ್ಪವಾಯಿತು, ಕಿವಿ ಮಂದವಾಯಿತು. ಆದರೆ ಅಷ್ಟು ಸದ್ದಿನ ಒಳಗಿಂದಲೂ ಹೆಂಡತಿ ಚಿಕ್ಕಗಂಗಮ್ಮನ ಹೂಂ ಮಾತ್ರ ಅವರಿಗೆ ಕೇಳುತ್ತಿತ್ತು. ಆಕೆ ಜರಡಿ ಹಿಡಿದುಕೊಂಡೇ ಹೂಂಗುಟ್ಟುವಳು. ಮೂಗಿನಲ್ಲಿ ಹುಟ್ಟಿ, ಕೊನೆಗೆ ಚೂರು ಮೇಲಕ್ಕೆದ್ದು, 'ಆಮೇಲೆ?' ಎಂದು ಕೇಳಿದಂತೆ ನಿಲ್ಲುವ ಹೂಂ ಅದು.

"ಇವಳು ನಿದ್ದೇಲೂ ಹೂಂ ಅಂತಾಳೆ ಕಣ್ರಪ್ಪ. ಅದಕ್ಕೇ ನನ್ನ ಸಂಸಾರ ನಡೀತು" ಎಂದು ಅವರು ಊರವರ ಮುಂದೆ ತಮಾಷೆ ಮಾಡುತ್ತಿದ್ದರು. ಆಕೆ ಅದಕ್ಕೂ ಹೂಂ ಅನ್ನುತ್ತಿದ್ದಳು.

ಗಿರಣಿ ಮಾರಿದ ಮೇಲೆ ಇಬ್ಬರೂ ತುಮಕೂರಿಗೆ, ಮರಳೂರಿನಲ್ಲಿದ್ದ ಮಗ ಭಾನುಪ್ರಕಾಶನ ಮನೆಗೆ ಬಂದರು. ಅವನು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಮಗಳು ನಂದಿತಾಳ ಓದಿಗೆಂದು ತಂದ ಕಂಪ್ಯೂಟರು ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲೇ ಇತ್ತು. ಒಂದು ಸಂಜೆ ಅಪ್ಪನ ಮುಂದೆ ಮೈಕು ಇಟ್ಟು, ಕಥೆ ಹೇಳಪ್ಪ, ಹಿಡಿದಿಡುತ್ತೇನೆ ಎಂದ. ಅವರು ಹೆಂಡತಿಯ ಕಡೆ ನೋಡಿದರು. ಆಕೆ ಸೊಪ್ಪು ಬಿಡಿಸುತ್ತಾ ಅಲ್ಲೇ ಗೋಡೆಗೊರಗಿ ಕೂತಳು. ಅವ್ವಾ, ನೀನೂ ಒಂದೆರಡು ಮಾತಾಡು ಎಂದರೆ, ನನ್ನದೇನಿದೆ ಮಾತು ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಹೀಗಾಗಿ ಆ ಸಂಜೆಗಳಲ್ಲಿ ಉಳಿದದ್ದು ಅಪ್ಪನ ಕಥೆ, ನಡುನಡುವೆ ಅವ್ವನ ಹೂಂ.

ಕಾರ್ತಿಕದಲ್ಲಿ ಆಕೆ ಹೋದಳು. ನರಳಲಿಲ್ಲ, ಯಾರನ್ನೂ ಕಾಯಿಸಲಿಲ್ಲ. ಫೋನು ಕಂಡರೆ ಮುಖ ತಿರುಗಿಸುತ್ತಿದ್ದವಳ ದನಿ ಬೇರೆಲ್ಲೂ ಸಿಗಲಿಲ್ಲ. ಮದುವೆಯ ವಿಡಿಯೋಗಳಲ್ಲಿ ಹುಡುಕಿದರೆ ಅಲ್ಲಿ ವಾಲಗದ ಸದ್ದು. ಚಿಕ್ಕಗಂಗಮ್ಮ ಎಂಬ ಹೆಣ್ಣುಮಗಳು ಈ ಲೋಕದಲ್ಲಿ ಬಿಟ್ಟುಹೋದ ದನಿಯೆಂದರೆ ಕಂಪ್ಯೂಟರಿನೊಳಗಿನ ಆ ಹೂಂಗಳು ಮಾತ್ರ.

ಆಮೇಲೂ ಮೂರು ನಾಲ್ಕು ಕಥೆ ಹೇಳಿಸಿದ್ದುಂಟು. ಆಗ ಹೂಂಗುಟ್ಟಿದವನು ಭಾನುಪ್ರಕಾಶನೇ. ಅಪ್ಪನಿಗೆ ಒಗ್ಗಲಿಲ್ಲ.

"ನೀನು ಹೂಂ ಅನ್ನೋದು ಸಾಹೇಬ್ರಿಗೆ ಹೂಂ ಅಂದಂಗೈತೆ ಕಣ್ಲಾ. ಬುಡು" ಎಂದು ಎದ್ದುಹೋದರು. ಮತ್ತೆ ಕಥೆ ಹೇಳಲಿಲ್ಲ.

ಆದರೆ ಕೇಳುವುದನ್ನು ಬಿಡಲಿಲ್ಲ. ದಿನಾ ದೀಪ ಹಚ್ಚಿದ ಮೇಲೆ ಸೊಸೆ ಸುಧಾ ಅವರಿಗೆ ಕಂಪ್ಯೂಟರು ಹಾಕಿಕೊಡುವಳು. ಅವರು ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೂರುವರು. ಮೊದಮೊದಲು ಭಾನುಪ್ರಕಾಶ, ಅಪ್ಪ ತನ್ನ ಕಥೆಯನ್ನು ತಾನೇ ಕೇಳಿ ಖುಷಿಪಡುತ್ತಾರೆ ಎಂದುಕೊಂಡಿದ್ದ. ಒಂದು ದಿನ ಬಾಗಿಲ ಬಳಿ ನಿಂತು ನೋಡಿದ. ಕಥೆ ಓಡುವಾಗ ಅವರ ಮುಖ ಎಲ್ಲೋ ಇರುತ್ತಿತ್ತು. ಹೂಂ ಬರುವ ಜಾಗ ಹತ್ತಿರವಾದಂತೆ ಕಣ್ಣು ಮುಚ್ಚುತ್ತಿದ್ದರು. ಹೂಂ ಬಂದು ಹೋದ ಮೇಲೆ ಕಣ್ಣು ಬಿಡುತ್ತಿದ್ದರು. ಅವನು ಸದ್ದಿಲ್ಲದೆ ಹಿಂದಕ್ಕೆ ಸರಿದ.

ಹೀಗಿರುವಾಗ ಕಂಪ್ಯೂಟರಿನ ಹಾರ್ಡ್‌ಡಿಸ್ಕು ಟಕ್ ಟಕ್ ಎನ್ನತೊಡಗಿತು. ಪುಟ್ಟರಂಗಯ್ಯನವರಿಗೆ ಸದ್ದು ಕೇಳಿಸದಿದ್ದರೂ ಡಬ್ಬಿಯ ಮೇಲೆ ಅಂಗೈ ಇಟ್ಟು, "ಬೇರಿಂಗ್ ಹೋಗೈತೆ" ಎಂದು ತೀರ್ಪು ಕೊಟ್ಟರು. ಒಳಗೆ ಏನಾದರೂ ತಿರುಗುತ್ತದೆಯೇ ಎಂದು ಕೇಳಿದರು. ತಟ್ಟೆಯೊಂದು ತಿರುಗುತ್ತದೆ, ಅದರ ಮೇಲೆ ನಿನ್ನ ಕಥೆ ಇದೆ ಎಂದ ಮಗ. ಹಾಗಾದರೆ ಗಿರಣಿ ಕಲ್ಲಿನ ಜಾತಿಯೇ ಎಂದುಕೊಂಡು ಅವರು ತಲೆಯಾಡಿಸಿದರು.

ಭಾನುಪ್ರಕಾಶ ಗುಬ್ಬಿಯ ಕಾಲೇಜಿನಲ್ಲಿ ಜೊತೆಗೆ ಓದಿದ್ದ ನಯೀಮನ ಬಳಿ ಹೋದ. ನಯೀಮ್ ತುಮಕೂರಿನಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇನ್ನು ಹಾರ್ಡ್‌ಡಿಸ್ಕು ಬೇಡ, ಎಸ್‌ಎಸ್‌ಡಿ ತಗೋ, ಅದರಲ್ಲಿ ತಿರುಗುವುದು ಏನೂ ಇಲ್ಲ, ಸವೆಯುವ ಸದ್ದೂ ಇಲ್ಲ ಎಂದ ನಯೀಮ್. ಹೆಸರಿರುವ ಕಂಪನಿಯ ಒಂದು ಟಿಬಿಯದು ತನ್ನಲ್ಲೇ ಇದೆ ಎಂದೂ ಹೇಳಿದ. ಆದರೆ ಭಾನುಪ್ರಕಾಶನಿಗೆ ದೊಡ್ಡದು ಬೇಕಿತ್ತು. ಅಪ್ಪನ ಕಥೆ, ನಂದಿತಾಳ ನಾಟ್ಯ, ನೆಂಟರಿಷ್ಟರ ಮದುವೆ, ಎಲ್ಲವೂ ಒಂದೇ ಕಡೆ, ಸಾಯುವತನಕ ಸಾಲಬೇಕು. ಕೆಲವು ದಿನ ಆನ್‌ಲೈನಿನಲ್ಲಿ ಒಂದನ್ನೊಂದು ತೂಗಿ ನೋಡಿದ. ವೇಗ ಎಷ್ಟು, ಬಾಳಿಕೆ ಎಷ್ಟು, ಕೊಂಡವರು ಏನನ್ನುತ್ತಾರೆ. ಕೊನೆಗೆ ಹೆಸರು ಕೇಳಿರದ ಒಂದು ಕಂಪನಿಯ ನಾಲ್ಕು ಟಿಬಿಯದನ್ನು ತರಿಸಿದ. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಜೊತೆಗಿದ್ದ ವೈರಿನಲ್ಲಿ ಹೊರಗಿನಿಂದಲೇ ಸಿಕ್ಕಿಸಬಹುದಿತ್ತು.

ನಯೀಮ್ ಫೋನಿನಲ್ಲಿ ಒಂದೇ ಮಾತು ಹೇಳಿದ. ಅದರೊಳಗೆ ಏನನ್ನೂ ಇಡುವ ಮೊದಲು ಪೂರ್ತಿ ತುಂಬಿಸಿ ನೋಡು. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಅರ್ಥವಿಲ್ಲದ ಅಂಕಿಗಳನ್ನು ಬಾಯಿತನಕ ತುಂಬಿ, ಮತ್ತೆ ಮೊದಲಿನಿಂದ ಓದಿ, ಹಾಕಿದ್ದೆಲ್ಲ ಹಾಗೇ ಇದೆಯಾ ನೋಡುತ್ತದೆ. ಸರಿ ಬಂದರೆ ಎಲ್ಲ ಅಳಿಸಿ ನಿನ್ನದನ್ನು ಹಾಕಿಕೋ.

ಮನೆಯಲ್ಲಿ ಅದನ್ನು ಶುರುಮಾಡಲು ಕೂತಾಗ ಪುಟ್ಟರಂಗಯ್ಯ ಪಕ್ಕದಲ್ಲಿದ್ದರು. ಇದರೊಳಗೂ ತಿರುಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ ಮಗ. ತಿರುಗದಿದ್ದರೆ ಇದು ಗಿರಣಿಯಲ್ಲ, ಪಾತ್ರೆ ಎಂದರು. ಈಗೇನು ಹಾಕುತ್ತಿದ್ದೀಯ ಎಂದು ಕೇಳಿದರು. ಪರೀಕ್ಷೆಗೆ ಸುಮ್ಮನೆ ಕಸ ಎಂದುಬಿಟ್ಟ ಭಾನುಪ್ರಕಾಶ.

ಅವರ ಮುಖ ಬಾಡಿತು.

"ಹೊಸ ಪಾತ್ರೆ ಮನೇಗೆ ಬಂದ್ರೆ ಮೊದ್ಲು ಕಸ ತುಂಬ್ತಾರೇನ್ಲಾ? ರಾಗಿ ಅಳೆಯೋವಾಗ ಮೊದಲ್ನೇ ಸೇರಿಗೆ ಒಂದು ಅಂತೀವಾ? ಲಾಭ ಅಂತೀವಿ. ಆಮೇಲೆ ಎರಡು, ಮೂರು. ಮೊದ್ಲು ಬಿದ್ದಿದ್ದೇ ತಳದಲ್ಲಿ ನಿಂತು ಮನೆ ಕಾಯೋದು." ಸ್ವಲ್ಪ ತಡೆದು, ದೇವರ ಗೂಡಿನ ಕಡೆ ನೋಡುತ್ತಾ ಹೇಳಿದರು: "ಮೊದ್ಲು ಅವಳ್ನ ಹಾಕು."

ಸುಧಾ ಒಳಗಿನಿಂದ, ಮಾವ ಹೇಳುವುದೂ ಸರಿಯೇ ಅಲ್ಲವೇ ಎಂದಳು. ಭಾನುಪ್ರಕಾಶನಿಗೂ ಹಾಗೇ ಅನ್ನಿಸಿತು. ಹೊಸ ಮಡಕೆಯನ್ನು ಅವ್ವ ಅರಿಶಿನ ಹಚ್ಚದೆ, ಹಿಡಿ ಧಾನ್ಯ ಹಾಕದೆ ಒಳಗೆ ತಂದದ್ದನ್ನು ಅವನು ಕಂಡೇ ಇರಲಿಲ್ಲ. ಕಂಪ್ಯೂಟರು ನಾಲ್ಕು ಟಿಬಿ ಎಂದೇ ತೋರಿಸುತ್ತಿತ್ತು. ಪರೀಕ್ಷೆಯನ್ನು ಕೈಬಿಟ್ಟ. ಡ್ರೈವಿಗೆ ಸುಧಾ ಕುಂಕುಮದ ಬೊಟ್ಟಿಟ್ಟಳು. 'ಲಾಭ' ಎಂದರು ಪುಟ್ಟರಂಗಯ್ಯ. ಅವ್ವನ ಹೂಂ ಇದ್ದ ಕಥೆಗಳೆಲ್ಲ ಮೊದಲು ಹೋದವು. ಕೂಡಲೇ ಒಂದನ್ನು ಹಾಕಿ ಕೇಳಿದರು. ಚೆನ್ನಾಗಿ ಬಂತು. ಮುದುಕರು ಕೈಮುಗಿದರು.

ಕಂಪ್ಯೂಟರು ನಡೆಯಲು ಬೇಕಾದಷ್ಟಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ ಒಳಗೆ ಹಾಕಿಸಿ, ಹಳೆಯ ಹಾರ್ಡ್‌ಡಿಸ್ಕನ್ನು ಬಿಚ್ಚಿ ಕಪಾಟಿನ ಮೇಲೆ ಇಟ್ಟಿದ್ದ. ಯುಗಾದಿಗೆ ಮನೆ ಸಾರಿಸಿ ತೊಳೆಯುವಾಗ, ಇದನ್ನೇನು ಮಾಡಲಿ ಎಂದು ಸುಧಾ ಕೇಳಿದಳು. ಒಡೆದ ಪಾತ್ರೆ ಹಬ್ಬದ ದಿನ ಮನೆಯಲ್ಲಿರಬಾರದು ಎಂದು ಅವನೇ ಹೇಳಿದ. ಅದು ಹಳೆಯ ಕಬ್ಬಿಣ, ಬಾಟಲಿಗಳ ಜೊತೆ ಗುಜರಿಯವನ ಗಾಡಿ ಹತ್ತಿತು.

ಹೊಸ ಡ್ರೈವು ಬೇಕಾದ್ದನ್ನೆಲ್ಲ ನುಂಗಿತು. ಅವ್ವನಿಲ್ಲದ ಕಥೆಗಳು, ಮಗಳ ನಾಟ್ಯದ ವಿಡಿಯೋ, ಚೇಳೂರಿನ ಸೋದರಮಾವನ ಮೊಮ್ಮಗಳ ಮದುವೆ, ಸುಧಾ ಇಳಿಸಿಕೊಂಡ ಧಾರಾವಾಹಿಗಳು. ಎಷ್ಟು ಹಾಕಿದರೂ ಜಾಗ ಬೇಕಾದಷ್ಟಿದೆ ಎನ್ನುತ್ತಿತ್ತು. ಅಕ್ಷಯಪಾತ್ರೆ ಕಣ್ರೀ ಇದು ಎಂದು ಸುಧಾ ನಕ್ಕಿದ್ದಳು.

ಆಷಾಢದ ಒಂದು ಸಂಜೆ ಪುಟ್ಟರಂಗಯ್ಯ ಎಂದಿನಂತೆ ಸ್ಪೀಕರಿಗೆ ಕಿವಿ ಹಚ್ಚಿ ಕೂತರು. ಸದ್ದು ಬರಲಿಲ್ಲ. ಅವರು ತಮ್ಮ ಕಿವಿಯನ್ನೇ ತಿರುವಿಕೊಂಡರು, ಇನ್ನೂ ಮಂದವಾಯಿತೇನೋ ಎಂದು. ಸುಧಾ ಇನ್ನೊಂದು ಕಥೆ ಒತ್ತಿದಳು. ಅದೂ ಇಲ್ಲ. ಕಥೆಗಳ ಹೆಸರೆಲ್ಲ ಸಾಲಾಗಿ ಇದ್ದವು. ಒತ್ತಿದರೆ ಕಂಪ್ಯೂಟರು, ಇದನ್ನು ತೆರೆಯಲಾಗುವುದಿಲ್ಲ ಎನ್ನುತ್ತಿತ್ತು. ಭಾನುಪ್ರಕಾಶ ಬಂದು ಒಂದೊಂದನ್ನೇ ನೋಡಿದ. ಮಗಳ ನಾಟ್ಯ ಇತ್ತು. ಅವ್ವ ಹೋದಮೇಲಿನ ಕಥೆಗಳಲ್ಲಿ ಒಂದು ಬಂತು. ಅದರಲ್ಲಿ ತನ್ನದೇ ಒಣ ಹೂಂ. ಅವ್ವನಿದ್ದದ್ದು ಒಂದೂ ಬರಲಿಲ್ಲ.

ರಿಪೇರಿ ಇದೆ ಅಪ್ಪ, ನಯೀಮನ ಹತ್ತಿರ ಒಯ್ಯಬೇಕು ಎಂದ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮಾರನೆಯ ದಿನ ನಯೀಮ್ ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ಬಹಳ ಹೊತ್ತು ಕೂತ. ಒಂದಾದ ಮೇಲೊಂದು ಸಾಫ್ಟ್‌ವೇರ್ ಹಾಕಿ ತಡಕಿದ. ಕೊನೆಗೆ ಸ್ಕ್ರೂ ಬಿಚ್ಚಿ ಬೆಳ್ಳಿ ಬಣ್ಣದ ಹೊದಿಕೆ ತೆಗೆದ. ಡಬ್ಬಿಯೊಳಗೆ ಇದ್ದದ್ದು ಉಗುರಿನಷ್ಟು ಒಂದು ಮೆಮೊರಿ ಚಿಪ್ಪು, ಭಾರಕ್ಕೆಂದು ಅಂಟಿಸಿದ್ದ ಒಂದು ಕಬ್ಬಿಣದ ತುಂಡು.

"ಮೇಲೆ ಡ್ರಮ್ಮು ಅಂತ ಬರೆದವ್ರೆ, ಒಳಗಿರೋದು ಚೊಂಬು" ಎಂದ. ದನಿ ಸಣ್ಣದಾಗಿತ್ತು. "ಚೊಂಬಾದ್ರೆ ತುಂಬಿದ ಮೇಲೆ ಚೆಲ್ಲುತ್ತೆ, ಗೊತ್ತಾಗುತ್ತೆ. ಇದು ಚೆಲ್ಲಲ್ಲ ಭಾನು. ತುಂಬಿದ ಮೇಲೂ ಹಾಕ್ತಾ ಹೋದ್ರೆ, ತಳದಲ್ಲಿರೋದನ್ನ ಅಳಿಸಿ ಅಲ್ಲೇ ಹೊಸದನ್ನ ಬರ್ಕೊಳ್ಳುತ್ತೆ. ಹೆಸರು ಹಂಗೇ ಇರುತ್ತೆ."

"ಮೊದ್ಲು ಹಾಕಿದ್ದು?"

"ಮೊದ್ಲು ಹಾಕಿದ್ದೇ ಮೊದ್ಲು ಹೋಗೋದು."

ಪರೀಕ್ಷೆ ಮಾಡಿ ನೋಡು ಎಂದಿರಲಿಲ್ಲವೇ ಎಂದು ನಯೀಮ್ ಕೇಳಲಿಲ್ಲ. ಕೇಳಿದ್ದರೆ ಭಾನುಪ್ರಕಾಶನಿಗೆ ಹಗುರವಾಗುತ್ತಿತ್ತೇನೋ. ಕಾಲೇಜಿನ ದಿನಗಳಲ್ಲಿ ಸಿ.ಎಸ್. ಪುರದ ಗಿರಣಿಯ ಕಟ್ಟೆಯ ಮೇಲೆ ಕೂತು ಚಿಕ್ಕಗಂಗಮ್ಮನ ಕೈಯ ರೊಟ್ಟಿ ತಿಂದವನು ನಯೀಮ್. ಹಳೆಯ ಹಾರ್ಡ್‌ಡಿಸ್ಕು ಎಲ್ಲಿ, ಅದಿದ್ದರೆ ಏನಾದರೂ ತೆಗೆಯಬಹುದು ಎಂದು ಕೇಳಿ, ಉತ್ತರ ಕೇಳಿದ ಮೇಲೆ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಹಾಕತೊಡಗಿದ. ಗುಜರಿಯವನನ್ನು ಇಬ್ಬರೂ ಹೋಗಿ ಹುಡುಕಿದರು. ಯುಗಾದಿಯ ಕಬ್ಬಿಣ ಯಾವಾಗಲೋ ಲಾರಿ ಹತ್ತಿ ಹೋಗಿತ್ತು.

ಮನುಷ್ಯ ದುಃಖದಲ್ಲಿ ಮೊದಲು ಹುಡುಕುವುದು ಸುಳ್ಳನ್ನು. ಭಾನುಪ್ರಕಾಶನಿಗೂ ಒಂದು ಸುಳ್ಳು ಹೊಳೆಯಿತು. ಅವ್ವನ ತಂಗಿ ಹೊನ್ನಮ್ಮ ಕುಣಿಗಲ್ಲಿನಲ್ಲಿದ್ದಾಳೆ. ಅಕ್ಕತಂಗಿಯರ ದನಿ ಒಂದೇ ಎಂದು ಎಲ್ಲರೂ ಹೇಳುತ್ತಿದ್ದರು. ಬಾಗಿಲ ಹೊರಗಿನಿಂದ ಕೂಗಿದರೆ ಯಾರು ಕೂಗಿದ್ದೆಂದು ಗೊತ್ತಾಗುತ್ತಿರಲಿಲ್ಲ. ಆಕೆಯ ಹೂಂ ಹಿಡಿದು ತಂದು, ಉಳಿದ ಕಥೆಗಳಿಂದ ತನ್ನ ಹೂಂ ಕಿತ್ತು, ಅಲ್ಲಿ ಇದನ್ನು ಕೂರಿಸಿದರೆ? ಮಂದ ಕಿವಿಯ ಅಪ್ಪನಿಗೆ ಎಲ್ಲಿ ತಿಳಿದೀತು? ಸುಧಾಳಿಗೆ ಹೇಳಿದ. ಅವಳು ಬೇಡ ಎನ್ನಲಿಲ್ಲ. ಕಣ್ಣೊರೆಸಿಕೊಂಡು, ಹೋಗಿಬನ್ನಿ ಎಂದಳು.

ಭಾನುವಾರ ಕುಣಿಗಲ್ ಬಸ್ಸು ಹತ್ತಿದ. ಹೊನ್ನಮ್ಮನ ಮನೆ ದೊಡ್ಡ ಕೆರೆಗೆ ಹತ್ತಿರ. ಹಿತ್ತಿಲಲ್ಲಿ ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದ ಆಕೆ ಎದ್ದು ನೀರು ಕೊಟ್ಟು, ಭಾವ ಹೇಗಿದ್ದಾರೆ ಎಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೋದಂತೆ ಆಕೆ ಅಭ್ಯಾಸದಿಂದ ಹೂಂ, ಹೂಂ ಎನ್ನುತ್ತಿದ್ದಳು. ಅದೇ ಮೂಗು, ಕೊನೆಗೆ ಅದೇ ಸಣ್ಣ ಏರು. ಮಾತು ಅಲ್ಲಿಗೇ ನಿಂತಿತು. ಫೋನು ತೆಗೆದು ಮುಂದೆ ಹಿಡಿದು, ಹೀಗೇ ಒಂದಷ್ಟು ಸಲ ಹೂಂ ಅನ್ನು ಚಿಕ್ಕವ್ವ ಎಂದು ಬೇಡಿದ.

ಆಕೆ ಫೋನನ್ನು ನೋಡಿದಳು, ಅವನನ್ನು ನೋಡಿದಳು. ಮಡಿಲ ಸಿಪ್ಪೆಯನ್ನು ಕೊಡವಿದಳು.

"ನಾನು ಹೂಂ ಅಂದಿದ್ದು ನಿನ್ನ ಕಷ್ಟಕ್ಕೆ ಕಣಪ್ಪ. ಅಕ್ಕ ಹೂಂ ಅಂತಿದ್ದುದು ಕಥೆಗೆ ಅಂದ್ಕೊಂಡಾ? ಆ ಕಥೆನೆಲ್ಲಾ ಅವಳು ಸಾವಿರ ಸಲ ಕೇಳಿದ್ಲು. ಅವಳು ಹೂಂ ಅಂತಿದ್ದುದು ನಿಮ್ಮಪ್ಪಂಗೆ. ಅದನ್ನ ನಾನು ಹೆಂಗೆ ಹಾಕ್ಲಿ?"

ಅವನು ಫೋನು ಜೇಬಿಗೆ ಹಾಕಿಕೊಂಡ. ಹೊನ್ನಮ್ಮ ಅಲಸಂದೆಕಾಳನ್ನು ಒಂದು ಡಬ್ಬಿಗೆ ತುಂಬಿ, ಭಾವನಿಗೆ ಹುಳಿ ಮಾಡಿಕೊಡಲು ಹೇಳು ಸುಧಾಗೆ ಎಂದು ಕೈಗಿಟ್ಟಳು. ಬಸ್ಸು ಕೆರೆಯ ಪಕ್ಕ ಹಾದುಹೋಗುವಾಗ ನೀರಿನ ಮೇಲೆ ಮೋಡದ ನೆರಳು ಸರಿಯುತ್ತಿತ್ತು. ಅಪ್ಪ ಮೈಕಿಗೆ ಹೇಳಿದ ಮೊದಲ ಕಥೆ ಶುರುವಾಗುತ್ತಿದ್ದುದೇ ಇಂಥದೊಂದು ಕೆರೆಯಿಂದ ಎಂದು ಭಾನುಪ್ರಕಾಶನಿಗೆ ನೆನಪಾಯಿತು. ಚಿಕ್ಕವನಿದ್ದಾಗ ಗಿರಣಿಯ ಗೋಣಿಚೀಲಗಳ ಮೇಲೆ ಮಲಗಿ ಅದನ್ನು ಕೇಳುತ್ತಿದ್ದ. ಆಗ ಕೊನೆತನಕ ಎಂದೂ ಕೇಳಿರಲಿಲ್ಲ, ಅಷ್ಟರಲ್ಲಿ ನಿದ್ದೆ ಬರುತ್ತಿತ್ತು. ಮೊದಲ ಭಾಗ ಮಾತ್ರ ಇಂದಿಗೂ ಅಕ್ಷರಕ್ಕಕ್ಷರ ಬರುತ್ತಿತ್ತು.

ಮನೆ ಸೇರುವ ಹೊತ್ತಿಗೆ ಸುಧಾ ದೇವರ ದೀಪ ಹಚ್ಚುತ್ತಿದ್ದಳು. ಪುಟ್ಟರಂಗಯ್ಯ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಪರದೆ ಕಪ್ಪಾಗಿತ್ತು. ರಿಪೇರಿಗೆ ಕೊಟ್ಟ ದಿನದಿಂದಲೂ ಆ ಹೊತ್ತಿಗೆ ಅಲ್ಲೇ ಕೂರುತ್ತಿದ್ದರು. ಭಾನುಪ್ರಕಾಶ ಅವರ ಕಾಲ ಬಳಿ ನೆಲದ ಮೇಲೆ ಕೂತ. ಕಿವಿಯ ಹತ್ತಿರ ಬಾಗಿ, ನಯೀಮ್ ಹೇಳಿದ್ದನ್ನೆಲ್ಲ ನಿಧಾನವಾಗಿ ಹೇಳಿದ. ಒಳಗಿದ್ದ ಚಿಪ್ಪು, ಕಬ್ಬಿಣದ ತುಂಡು, ಮೊದಲು ಹಾಕಿದ್ದು ಮೊದಲು ಹೋದದ್ದು, ಗುಜರಿಯ ಗಾಡಿ. ಕುಣಿಗಲ್ಲಿಗೆ ಯಾಕೆ ಹೋಗಿದ್ದೆನೆಂಬುದನ್ನೂ ಮುಚ್ಚಿಡಲಿಲ್ಲ.

ಅವರು ಅಂಗೈಯನ್ನು ಕಂಪ್ಯೂಟರಿನ ಡಬ್ಬಿಯ ಮೇಲಿಟ್ಟರು. ಅದು ತಣ್ಣಗಿತ್ತು.

"ತಿರುಗಲ್ಲ ಅಂದಿಯಲ್ಲ, ಅದಕ್ಕೇ ಪಾತ್ರೆ ಅಂದ್ಕೊಂಡೆ" ಎಂದರು ಕೊನೆಗೆ. "ಗಿರಣಿಗೆ ಹೊಸ ಕಲ್ಲು ಹಾಕ್ದಾಗ ನಾನು ಮೊದ್ಲು ಬಿಡ್ತಿದ್ದುದು ತೌಡು. ಕಲ್ಲಿನ ಮರಳೆಲ್ಲ ಅದರ ಜೊತೆ ಹೋಗ್ಲಿ ಅಂತ. ಯಾರ ಮನೆ ರಾಗೀನೂ ಮೊದ್ಲು ಹಾಕ್ತಿರ್ಲಿಲ್ಲ. ನಯೀಮು ಹೇಳಿದ್ದೂ ಅದನ್ನೇ. ನಂಗೆ ಹೊಳೀಲಿಲ್ಲ. ಹೊಸ ಕಲ್ಲಿಗೆ ಅವಳ್ನೇ ಹಾಕ್ಬುಟ್ಟೆ."

"ನೀನಲ್ಲಪ್ಪ. ನಾನು."

"ಬುಡು."

ದೇವರ ಗೂಡಿನಲ್ಲಿ ದೀಪ ಒಂದು ಸಲ ಬಾಗಿ ನೆಟ್ಟಗಾಯಿತು. ಸುಧಾ ಅಡುಗೆಮನೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಭಗವಂತ ಕೊಟ್ಟ ದನಿಯನ್ನು ಭಗವಂತ ಒಮ್ಮೆ ಕರೆದುಕೊಂಡಿದ್ದ. ಮನುಷ್ಯರು ಹಿಡಿದಿಟ್ಟುಕೊಂಡಿದ್ದ ಚೂರೂ ಈಗ ಹೊರಟುಹೋಗಿತ್ತು. ಅಳುವುದಕ್ಕೂ ಒಂದು ಸದ್ದು ಬೇಕು. ಆ ಮನೆಯಲ್ಲಿ ಅದೂ ಇರಲಿಲ್ಲ.

ಭಾನುಪ್ರಕಾಶ ಗಂಟಲು ಸರಿಮಾಡಿಕೊಂಡ. ಗಿರಣಿಯ ಸದ್ದಿನಲ್ಲಿ ಹೇಳುವವನಂತೆ ದನಿ ಎತ್ತಿ ಶುರುಮಾಡಿದ.

"ಆ ಕಡೆ ನೀರು, ಈ ಕಡೆ ಗದ್ದೆ, ನಡುವೆ ಕೆರೆ ಏರಿ. ಏರಿ ಮೇಲೆ ಒಬ್ಬಳು ಹೆಣ್ಣುಮಗಳು ಬರ್ತಾ ಇದ್ಲು. ಮನೇಲಿ ಒಲೆ ಆರಿತ್ತು. ನೆರೆಮನೆಯಿಂದ ಒಡಕು ಮಡಕೇಲಿ ಒಂದು ಕೆಂಡ ತರ್ತಾ ಇದ್ಲು."

ಅಲ್ಲಿ ನಿಲ್ಲಿಸಿದ. ಅದು ಅವ್ವನ ಹೂಂ ಬರುವ ಜಾಗ.

ಪುಟ್ಟರಂಗಯ್ಯ ಕಣ್ಣು ಮುಚ್ಚಿದರು, ದಿನಾ ಮುಚ್ಚುತ್ತಿದ್ದ ಹಾಗೆಯೇ. ಬೀದಿಯಲ್ಲಿ ಒಂದು ಆಟೋ ಹೋಯಿತು. ಅದರ ಸದ್ದು ದೂರವಾಗುವತನಕ ಮೂವರೂ ಕಾದರು. ಬರಬೇಕಾದ್ದು ಬರಲಿಲ್ಲ. ಅವರು ಕಣ್ಣು ಬಿಟ್ಟರು. ಎದುರಿಗೆ ನೆಲದ ಮೇಲೆ, ತಲೆ ನರೆಯುತ್ತಿರುವ ಮಗ, ಮುಂದಿನ ಹೆಜ್ಜೆ ಇಡಲಾರದೆ ಕೂತಿದ್ದ.

"ಹೂಂ" ಎಂದರು ಪುಟ್ಟರಂಗಯ್ಯ.

ಅದು ಚಿಕ್ಕಗಂಗಮ್ಮನ ಹೂಂ ಅಲ್ಲ. ಜೀವಮಾನವೆಲ್ಲ ಕಥೆ ಹೇಳಿದವರು ಅವರು, ಹೂಂಗುಟ್ಟಿ ಗೊತ್ತಿರಲಿಲ್ಲ. ಅದು ದಪ್ಪ ಗಂಟಲಿನಲ್ಲಿ ಎಡವಿ, ಕೊನೆಗೆ ಮೇಲೇಳುವ ಬದಲು ಕೆಳಕ್ಕೆ ಕುಸಿಯಿತು.

"ಗಾಳಿ ಎದ್ದಿತು" ಎಂದ ಭಾನುಪ್ರಕಾಶ. "ಕೆಂಡದ ಮೇಲೆ ಬೂದಿ ಕೂತ್ಕೊಳ್ತಾ ಬಂತು. ಅವಳು ಸೆರಗು ಅಡ್ಡ ಹಿಡಿದ್ಲು."

"ಹೂಂ."